ರಗ್ಬಿ ಶಿಬಿರದ ಗ್ವಾಡಿ ಮ್ಯಾಲ ಯಾರ ಕಥಿ ಬರೀಬೇಕು?

ಎರೆಹೊಲ, ಕಲಬುರಗಿ:
ಬ್ಯಾಸಿಗಿ ಶಿಬಿರ ಏಪ್ರಿಲ್ ಮೂರನೇ ವಾರಕ್ಕ ಶುರು. 12 ದಿನ, 24 ಮಂದಿ, 11ರಿಂದ 13 ವಯಸ್ಸಿನವ್ರು, ಅದರಾಗ ಅರ್ಧಕ್ಕರ್ಧ ಹುಡುಗೇರು. ಎಲ್ಲರಿಗೂ ಕಬಡ್ಡಿ, ಖೋಖೋ ಬರ್ತದ. ರಗ್ಬಿ ಚೆಂಡು ಟಿವ್ಯಾಗ ಸುದ್ದಾ ನೋಡಿಲ್ಲ. ದಿನಾ ಆಟ ಮುಗದ ಮ್ಯಾಲ ನೆರಳಿಗಿ ಕೂಡಿಸಿ 10 ನಿಮಿಷ ಒಬ್ಬ ಮನಷ್ಯಾಂದು ಕಥಿ ಹೇಳೋದು, ಮರುದಿನ ಅದನ್ನ ಚಾರ್ಟಿನ ಮ್ಯಾಲ ಬರದು ಗ್ವಾಡಿಗಿ ಹಚ್ಚೋದು. ಬರೇ ಕಥಿ ಬ್ಯಾಡ, ಅವತ್ತಿನ ಕಸರತ್ತಿಗೂ ಆ ಕಥಿಗೂ ಸಂಬಂಧ ಇರಬೇಕು.

ಇಲ್ಲೀತನ ಎರಡು ಚಾರ್ಟ್ ಆಗ್ಯಾವ. ಒಂದು: 1823ರಾಗ ವಿಲಿಯಂ ವೆಬ್ ಎಲ್ಲಿಸ್ ಅನ್ನೋ ಹುಡುಗ ಫುಟ್‌ಬಾಲ್ ಆಡ್ತಾ ಆಡ್ತಾ ಚೆಂಡು ಕೈಯಾಗ ಹಿಡದು ಓಡಿದ, ರಗ್ಬಿ ಹುಟ್ತು. ಎರಡು: 1995ರ ರಗ್ಬಿ ವಿಶ್ವಕಪ್ಪಿನ್ಯಾಗ ಮಂಡೇಲಾ. ಉಳದದ್ದು ಖಾಲಿ. ಮೈದಾನ ಎರೆಮಣ್ಣಿಂದು, ಚೆಂಡು 4 ಅವ. ತಿಳದವರು ಹೇಳ್ರಿ.

ಬಹಮನಿ_15:
ಮೊದಲ ಚಾರ್ಟನ್ನೇ ಇಳಿಸಬೇಕಾಗುತ್ತದೆ ಮಾಸ್ತರ್ರೆ. ವೆಬ್ ಎಲ್ಲಿಸ್ ಇಂಗ್ಲೆಂಡಿನ ರಗ್ಬಿ ಎಂಬ ಊರಿನ ಶಾಲೆಯಲ್ಲಿ ಓದಿದ್ದು ಖರೆ, ಪಾದ್ರಿಯಾದದ್ದು ಖರೆ, 1872ರಲ್ಲಿ ಫ್ರಾನ್ಸಿನ ಮಾಂತೋನ್ ಊರಲ್ಲಿ ತೀರಿಕೊಂಡದ್ದೂ ಖರೆ. ಚೆಂಡೆತ್ತಿ ಓಡಿದ ಮಾತು ಮೊದಲು ಅಚ್ಚಾದದ್ದು 1876ರಲ್ಲಿ, ಅವನು ಸತ್ತು ನಾಲ್ಕು ವರ್ಷದ ಮೇಲೆ. ಬರೆದವರು ಮ್ಯಾಥ್ಯೂ ಬ್ಲಾಕ್ಸಮ್, ಅದೇ ಶಾಲೆಯ ಹಳೆಯ ವಿದ್ಯಾರ್ಥಿ. ತಾವು ಕಂಡದ್ದಲ್ಲ, ಯಾರೋ ಹೇಳಿದ್ದು ಕೇಳಿದ್ದು. 1895ರಲ್ಲಿ ಹಳೆಯ ವಿದ್ಯಾರ್ಥಿಗಳ ಸಂಘ ವಿಚಾರಣೆ ನಡೆಸಿದಾಗ ಕಣ್ಣಾರೆ ಕಂಡವರು ಒಬ್ಬರೂ ಸಿಗಲಿಲ್ಲ. ಆದರೂ 1900ರಲ್ಲಿ ಶಾಲೆಯ ಗೋಡೆಗೆ ಕಲ್ಲು ಹಾಕಿಸಿದರು, ಈಗ ವಿಶ್ವಕಪ್ಪಿಗೇ ಅವನ ಹೆಸರು. ಜಾತ್ರೆಯಲ್ಲಿ ತೇರು ಮೊದಲು ಎಳೆದ ಮನೆತನ ಯಾವುದು ಅಂದರೆ ನಾಲ್ಕು ಮನೆತನ ಮುಂದೆ ಬರುತ್ತವಲ್ಲ, ಹಾಗೆ.

ಅದರ ಬದಲು 1845 ಬರೆಯಿರಿ. ಆ ವರ್ಷ ಅದೇ ಶಾಲೆಯ ಮೂವರು ವಿದ್ಯಾರ್ಥಿಗಳು ಕೂತು ಆಟದ ನಿಯಮಗಳನ್ನು ಮೊದಲ ಸಲ ಕಾಗದಕ್ಕಿಳಿಸಿದರು. ಮಾಸ್ತರು ಬರೆದದ್ದಲ್ಲ, ಹುಡುಗರೇ ಬರೆದದ್ದು. ಇದಕ್ಕೆ ಕಸರತ್ತೂ ಸುಲಭ. ಮೊದಲ ದಿನ ಎರಡೇ ನಿಯಮ ಹೇಳಿ: ಕೈಯಿಂದ ಚೆಂಡು ಮುಂದಕ್ಕೆ ಎಸೆಯುವಂತಿಲ್ಲ, ಗೆರೆ ದಾಟಿ ಚೆಂಡನ್ನು ನೆಲಕ್ಕೆ ಒತ್ತಿದರೆ ಅಂಕ. 15 ನಿಮಿಷ ಆಡಲಿ. ಜಗಳ ಬಿದ್ದೇ ಬೀಳುತ್ತದೆ. ಎಲ್ಲಿ ಜಗಳ ಬಿತ್ತೋ ಅಲ್ಲಿ ನಿಲ್ಲಿಸಿ, ಇದಕ್ಕೆ ಏನು ನಿಯಮ ಮಾಡೋಣ ಅಂತ ಅವರನ್ನೇ ಕೇಳಿ. ಸಂಜೆಗೆ ಒಂದು ಚಾರ್ಟ್ ತಾನೇ ತಯಾರಾಗಿರುತ್ತದೆ.

ಒಂದು ಎಚ್ಚರಿಕೆ. ಖೋಖೋ ಆಡಿದವರು ಗೆರೆ ದಾಟಿದ ಕೂಡಲೇ ಗೆದ್ದೆವು ಅಂತ ಚೆಂಡು ಗಾಳಿಗೆ ಎಸೆಯುತ್ತಾರೆ. ನೆಲಕ್ಕೆ ಒತ್ತದಿದ್ದರೆ ಟ್ರೈ ಇಲ್ಲ, ಅಂಕವೂ ಇಲ್ಲ. ಎರಡು ಸಲ ಅಂಕ ಕೊಡದೆ ಬಿಡಿ, ಮೂರನೇ ಸಲಕ್ಕೆ ನೆನಪಿರುತ್ತದೆ.

ಗರಡಿಮನಿ:
ಕಥಿ ಗಿಥಿ ಯಾಕ್ರಿ ಬೇಕು? ಕಬಡ್ಡಿ ಬರೋ ಹುಡುಗರಿಗಿ ಹಿಡಿಯೋದು ಯಾರೂ ಕಲಸಬೇಕಾಗಿಲ್ಲ. ಚೆಂಡು ಕೊಡ್ರಿ, ಬಿಡ್ರಿ. ಮೊದಲನೇ ದಿನದಿಂದನೇ ಟ್ಯಾಕಲ್ ಆಗ್ತದ.

ಬಿದರಿ_ಬೆಳ್ಳಿ, ಬೀದರ್:
ಟ್ಯಾಕಲ್ ಮಾತು ಆಮೇಲೆ ಬರಲಿ. ನಮ್ಮ ದೇಶದ ಬೆಳ್ಳಿಯದೊಂದು ಕಥೆ ಈ ಆಟದಲ್ಲಿದೆ, ಅದು ಗೋಡೆಯ ಮೇಲೆ ಇರಲೇಬೇಕು.

1872ರ ಕ್ರಿಸ್‌ಮಸ್ ದಿನ ಕಲ್ಕತ್ತಾದಲ್ಲಿ ಇಂಗ್ಲೆಂಡಿನ 20 ಮಂದಿ ಒಂದು ಕಡೆ, ಸ್ಕಾಟ್ಲೆಂಡ್-ಐರ್ಲೆಂಡ್-ವೇಲ್ಸ್‌ನ 20 ಮಂದಿ ಇನ್ನೊಂದು ಕಡೆ ಸೇರಿ ಆಡಿದರು. ಮರುವರ್ಷ ಕಲ್ಕತ್ತಾ ಕ್ಲಬ್ ಹುಟ್ಟಿತು. ಐದೇ ವರ್ಷ ಬಾಳಿತು. ಕ್ಲಬ್ಬಿನಲ್ಲಿ ಪುಕ್ಕಟೆ ಕುಡಿಯುವ ವ್ಯವಸ್ಥೆ ನಿಂತದ್ದೇ ತಡ ಮಂದಿ ಚದುರಿದರು, ಅಲ್ಲಿದ್ದ ಸೈನ್ಯದ ತುಕಡಿಯೂ ಊರು ಬಿಟ್ಟಿತು, ಉಳಿದವರು ಬಿಸಿಲಿಗೆ ಪೋಲೋ, ಟೆನಿಸ್ಸೇ ವಾಸಿ ಅಂದರು. 1878ರಲ್ಲಿ ಬ್ಯಾಂಕಿನಲ್ಲಿದ್ದ 270 ಬೆಳ್ಳಿ ರೂಪಾಯಿ ತೆಗೆದು, ಕರಗಿಸಿ, ಒಂದು ಬಟ್ಟಲು ಮಾಡಿಸಿ ಇಂಗ್ಲೆಂಡಿನ ಒಕ್ಕೂಟಕ್ಕೆ ಕೊಟ್ಟರು. ಮೂರು ಹಿಡಿಕೆ, ಮೂರೂ ನಾಗರಹಾವು, ಮುಚ್ಚಳದ ಮೇಲೆ ಆನೆ. 1879ರಿಂದ ಇಂಗ್ಲೆಂಡ್-ಸ್ಕಾಟ್ಲೆಂಡ್ ಈ ಕಲ್ಕತ್ತಾ ಕಪ್ಪಿಗೆ ಆಡುತ್ತ ಬಂದಿವೆ. ಮೊದಲ ಪಂದ್ಯ ಸಮ ಆಯಿತು.

ತೂಕ ಹೇಳಿದರೆ ಮಕ್ಕಳಿಗೆ ಹಿಡಿಸುತ್ತದೆ. ಆಗಿನ ಒಂದು ರೂಪಾಯಿ ಅಂದರೆ ಸರಿಯಾಗಿ ಒಂದು ತೊಲೆ, 11.66 ಗ್ರಾಂ. ಹನ್ನೆರಡರಲ್ಲಿ ಹನ್ನೊಂದು ಪಾಲು ಬೆಳ್ಳಿ. 270 ತೊಲೆ ಅಂದರೆ 3 ಕಿಲೋ ಮೇಲೆ 150 ಗ್ರಾಂ ಹತ್ತಿರ. ನಮ್ಮ ಬಿದರಿ ಹೂಜಿಯ ಹಾಗಲ್ಲ ಇದು. ಬಿದರಿಯಲ್ಲಿ ಮೈಯೆಲ್ಲ ಸತು-ತಾಮ್ರದ ಎರಕ, ಬೆಳ್ಳಿ ಬರೇ ಕೆತ್ತನೆಯೊಳಗಿನ ತಂತಿ. ಬಿದ್ದರೆ ಬಿರುಕು ಬಿಡಬಹುದು, ತಗ್ಗಾಗದು. ಅಚ್ಚ ಬೆಳ್ಳಿಯ ತಗಡು ತಗ್ಗಾಗುತ್ತದೆ. 1988ರಲ್ಲಿ ಪಂದ್ಯ ಮುಗಿದ ರಾತ್ರಿ ಇಬ್ಬರು ಆಟಗಾರರು, ಇಂಗ್ಲೆಂಡಿನ ಡೀನ್ ರಿಚರ್ಡ್ಸ್ ಮತ್ತು ಸ್ಕಾಟ್ಲೆಂಡಿನ ಜಾನ್ ಜೆಫ್ರಿ, ಎಡಿನ್‌ಬರೋ ಬೀದಿಯಲ್ಲಿ ಅದನ್ನು ಒದೆಯುತ್ತ ಹೋಗಿ ನಜ್ಜುಗುಜ್ಜು ಮಾಡಿದರು. ಜೆಫ್ರಿಗೆ 6 ತಿಂಗಳು ನಿಷೇಧ, ರಿಚರ್ಡ್ಸ್‌ಗೆ ಒಂದೇ ಪಂದ್ಯ. ತಪ್ಪು ಒಂದೇ, ತೂಗಿದ ತಕ್ಕಡಿ ಎರಡು.

ಇದರ ಜೊತೆ ಕಲಿಸಬೇಕಾದದ್ದು ಬಿಸಿಲು. ಕಲ್ಕತ್ತಾದಲ್ಲೇ ತಡೆಯದ ಆಟ ಕಲಬುರಗಿಯ ಏಪ್ರಿಲ್‌ನಲ್ಲಿ 9 ಗಂಟೆಗೆ ಆಡಿಸುವ ಹಾಗಿಲ್ಲ. 6ಕ್ಕೆ ಶುರು, 7:30ಕ್ಕೆ ಮುಕ್ತಾಯ. 15-20 ನಿಮಿಷಕ್ಕೊಮ್ಮೆ ಸೀಟಿ ಹೊಡೆದು ಒಬ್ಬೊಬ್ಬರಿಗೆ ಒಂದು ಲೋಟ ನೀರು, ಬಾಯಾರಲಿ ಬಿಡಲಿ. ಬೆವರು ಹೆಚ್ಚಾದವರಿಗೆ 1 ಲೀಟರ್ ನೀರಿಗೆ 6 ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಉಪ್ಪು ಹಾಕಿದ ತೆಳು ಮಜ್ಜಿಗೆಯೂ ನಡೆಯುತ್ತದೆ. ತಲೆಸುತ್ತು ಅಂದವನನ್ನು ಹುರಿದುಂಬಿಸಬೇಡಿ, ನೆರಳಿಗೆ ಕರೆದೊಯ್ದು ಒದ್ದೆ ಬಟ್ಟೆ ಹಾಕಿ. ಬೆವರು ನಿಂತು ಮೈ ಕಾದಿದ್ದರೆ, ಮಾತು ತೊದಲಿದರೆ ಮೈಗೆ ನೀರು ಹೊಯ್ಯುತ್ತಲೇ ದವಾಖಾನೆಗೆ ಒಯ್ಯಿರಿ.

ಎರೆಹೊಲ:
ತೊಲೆ ಲೆಕ್ಕ ಭಾರಿ ಅದ ಸರ್, ಬರಕೊಂಡೆ. ವೆಬ್ ಎಲ್ಲಿಸ್ ಚಾರ್ಟ್ ಇಳಿಸಿದೆ. ಮೈದಾನದ ಮಾತು ಯಾರೂ ಎತ್ತಲಿಲ್ಲ.

ಫರಸಿಕಲ್ಲು, ಶಹಾಬಾದ್:
ಎರೆಮಣ್ಣು ಏಪ್ರಿಲ್‌ನ್ಯಾಗ ಹಲ್ಲು ಕಿಸೀತದ. ಬಿರುಕಿನ್ಯಾಗ ಹಿಮ್ಮಡಿ ಸಿಕ್ಕು ಕಾಲು ತಿರುವೋದು ಟ್ಯಾಕಲ್‌ಗಿಂತ ಮೊದಲು ಆಗ್ತದ. ಉಸುಕು, ಕಂಕರ್ ಹಾಕಿ ಬಿರುಕು ಮುಚ್ಚಬ್ಯಾಡ್ರಿ. ಉಸುಕು ಕೆಳಗ ಇಳೀತದ, ಕಂಕರ್ ಮ್ಯಾಲ ಬರ್ತದ, ಮೊಣಕಾಲು ಕೆತ್ತತದ. ಅದೇ ಎರೆಮಣ್ಣು ಪುಡಿ ಮಾಡಿ ತುಂಬ್ರಿ, ಶುರು ಆಗೋಕಿಂತ 3 ದಿನ ಮೊದಲು ನೀರು ಬಿಡ್ರಿ. ಹಿಂದಿನ ರಾತ್ರಿ ನೀರು ಬಿಟ್ರ ಮುಂಜಾನಿ ಬೂಟಿಗಿ ಎರಡೆರಡು ಕಿಲೋ ಮಣ್ಣು ಹತ್ತತದ.

ನೆಲ ಗಟ್ಟಿ ಅದನೋ ಇಲ್ಲೋ ನೋಡ್ಲಕ್ಕ ಉದ್ದನ ಸ್ಕ್ರೂಡ್ರೈವರ್ ಸಾಕು. ಅಂಗೈಲಿಂದ ಒತ್ತಿದ್ರ 3-4 ಇಂಚು ಹೋಗಬೇಕು. ಹೋಗಲಿಲ್ಲಂದ್ರ ಅವತ್ತು ಬೀಳೋ ಕಸರತ್ತು ಬ್ಯಾಡ, ಪಾಸ್ ಮತ್ತು ಓಟ ಅಷ್ಟೇ. ಇಡೀ ಮೈದಾನ ಮೆತ್ತಗ ಮಾಡ್ಲಕ್ಕ ಆಗಲ್ಲ. ಒಂದು ಮೂಲ್ಯಾಗ 10 ಮೀಟರ್ ಉದ್ದ, 10 ಮೀಟರ್ ಅಗಲ ಗುರುತು ಹಾಕಿ, ಜರಡಿ ಹಿಡದ ಕೆಂಪು ಮಣ್ಣು 5 ಸೆಂಟಿಮೀಟರ್ ಹಾಸ್ರಿ. 5 ಘನ ಮೀಟರ್ ಬೇಕಾಗ್ತದ, ಎರಡು ಟ್ರಾಲಿ. ಅಲ್ಲೇ ಬೀಳೋದು ಕಲೀಲಿ. ದಿನಾ ಮುಂಜಾನಿ 24 ಮಂದೀನ ಒಂದೇ ಸಾಲಿನ್ಯಾಗ ಕೈಗೆ ಕೈ ತಾಗೋಹಂಗ ನಿಲ್ಲಿಸಿ ಈ ತುದಿಲಿಂದ ಆ ತುದಿತನ ನಡಸ್ರಿ, ನೆಗ್ಗಿನ ಮುಳ್ಳು, ಗಾಜು, ಫರಸಿ ಚೂರು ಎಲ್ಲಾ ಸಿಗ್ತದ. ಮೈದಾನದ ಅಂಚಿಗಿ ನಮ್ಮೂರ ಕಲ್ಲು ಹಾಸಿದ್ರ ಆಟದ ಗೆರಿ ಅದರಿಂದ 5 ಮೀಟರ್ ಒಳಗ ಹಾಕ್ರಿ. ಓಡೋ ಹುಡುಗ ಗೆರೀಗಿ ನಿಲ್ಲಲ್ಲ.

ಇನ್ನ ಕಥಿ. ಕಲ್ಲಿನ ಖಣಿಯಾಗ ದುಡಿಯೋ ಊರಿಗಿ 1895 ಹೇಳ್ರಿ. ಉತ್ತರ ಇಂಗ್ಲೆಂಡಿನ್ಯಾಗ ಆಡೋರು ಕಲ್ಲಿದ್ದಲ ಗಣಿ, ಅರಬಿ ಗಿರಣಿ ಕೂಲಿಗಳು. ಶನಿವಾರ ಆಟಕ್ಕ ಹೋದ್ರ ಆ ದಿನದ ಕೂಲಿ ಹೋಗ್ತದ. ಹೋದ ಕೂಲಿ ಅಷ್ಟು ತುಂಬಿ ಕೊಡ್ರಿ ಅಂತ ಕೇಳಿದ್ರು, ಪಗಾರ ಕೇಳಲಿಲ್ಲ. ಲಂಡನ್‌ನ್ಯಾಗ ಕುಂತ ಒಕ್ಕೂಟ ಆಗಲ್ಲ ಅಂತು. ಅಲ್ಲಿದ್ದವರಿಗಿ ಶನಿವಾರ ಕೂಲಿ ಅಂದ್ರೇನು ಗೊತ್ತಿದ್ದಿಲ್ಲ. 29 ಆಗಸ್ಟ್ 1895ಕ್ಕ ಹಡರ್ಸ್‌ಫೀಲ್ಡ್ ಊರಿನ ಜಾರ್ಜ್ ಹೋಟೆಲ್‌ನ್ಯಾಗ ಉತ್ತರದ ಕ್ಲಬ್‌ಗಳು ಕೂಡಿ ಬ್ಯಾರೆ ಸಂಘ ಕಟ್ಟಿದ್ರು. 1906ಕ್ಕ 15ರ ಬದಲಿ 13 ಮಂದಿ ಮಾಡಿದ್ರು. ರಗ್ಬಿ ಲೀಗ್ ಅಂತ ಈಗ ಏನ ಅಂತೀವಿ ಅದೇ. ಈ ಕಡಿ ಹಳೇ 15ರ ಆಟದವ್ರು, ಅಂದ್ರ ರಗ್ಬಿ ಯೂನಿಯನ್‌ನವ್ರು, ರೊಕ್ಕ ಕೊಟ್ಟು ಆಡಸ್ಲಕ್ಕ ಒಪ್ಪಿದ್ದು ಆಗಸ್ಟ್ 1995ಕ್ಕ. ಪೂರಾ 100 ವರ್ಷ ತೊಗೊಂಡ್ರು ನೋಡ್ರಿ.

ಸೀಟಿ:
ಗರಡಿಮನಿ ಅಣ್ಣಾವ್ರ ಮಾತಿಗೆ ಉತ್ತರ ಕೊಡಲೇಬೇಕು. ಕಬಡ್ಡಿ ಬರುತ್ತದೆ ಅನ್ನುವುದೇ ಇಲ್ಲಿ ಸಮಸ್ಯೆ. ಕಬಡ್ಡಿಯಲ್ಲಿ ಎದುರಿಗೆ ಬಂದು ಎದೆಯಿಂದ ತಡೆಯಬಹುದು, ನಾಲ್ವರು ಸರಪಳಿ ಕಟ್ಟಿ ಎತ್ತಬಹುದು, ಸೀಟಿ ಹೊಡೆಯುವ ತನಕ ಬಿಡಬೇಕಾಗಿಲ್ಲ. ರಗ್ಬಿಯಲ್ಲಿ ಮೂರೂ ತಪ್ಪು. ಚೆಂಡು ಇದ್ದವನನ್ನು ಮಾತ್ರ ಹಿಡಿಯಬೇಕು, ಎರಡೂ ತೋಳು ಸುತ್ತಬೇಕು, ಅವನು ನೆಲಕ್ಕೆ ಬಿದ್ದ ಕೂಡಲೇ ಬಿಡಬೇಕು. ಬಿದ್ದವನೂ ಚೆಂಡನ್ನು ತಕ್ಷಣ ಬಿಡಬೇಕು. ತೋಳು ಚಾಚಿ ತನ್ನ ಕಡೆಯವರತ್ತ ಇಟ್ಟರೆ ಅವರಿಗೆ ಸಿಗುತ್ತದೆ.

ಮೊದಲ 5 ದಿನ ಹಿಡಿತವೇ ಬೇಡ, ಪಟ್ಟಿ ಆಟ ಆಡಿಸಿ. ಹಳೆ ಸೀರೆ ಹರಿದು 40 ಸೆಂಟಿಮೀಟರಿನ ಪಟ್ಟಿ ಮಾಡಿ, ಒಬ್ಬರಿಗೆ ಎರಡರಂತೆ 48, ಮೇಲೆ 10 ಹೆಚ್ಚುವರಿ. ಸೊಂಟದ ಎರಡೂ ಪಕ್ಕಕ್ಕೆ ಸಿಕ್ಕಿಸಬೇಕು, ಗಂಟು ಹಾಕಬಾರದು. ಗಂಟು ಹಾಕಿದರೆ ಎಳೆದವನ ಬೆರಳು ಉಳುಕುತ್ತದೆ. ಪಟ್ಟಿ ಕಿತ್ತರೆ ಅದೇ ಹಿಡಿತ, 3 ಹೆಜ್ಜೆಯೊಳಗೆ ಪಾಸ್ ಕೊಡಬೇಕು. ಇದರಿಂದ ಕಣ್ಣು ಎದುರಿನವನ ಸೊಂಟದ ಮೇಲೆ ಕೂರುತ್ತದೆ. ಟ್ಯಾಕಲ್‌ಗೆ ಬೇಕಾದ ಅರ್ಧ ವಿದ್ಯೆ ಅದೇ.

6ನೇ ದಿನದಿಂದ ಟ್ಯಾಕಲ್. ಇಬ್ಬರೂ ಮೊಣಕಾಲ ಮೇಲೆ. ಆಮೇಲೆ ಹಿಡಿಯುವವನು ಮೊಣಕಾಲ ಮೇಲೆ, ಚೆಂಡಿನವನು ನಡಿಗೆ. ಆಮೇಲೆ ಇಬ್ಬರೂ ನಡಿಗೆ. ಕೊನೆಗೆ ಮೆಲ್ಲಗೆ ಓಟ. ಒಂದೊಂದು ಹಂತದಲ್ಲೂ ಎಡ ಭುಜಕ್ಕೆ 8, ಬಲ ಭುಜಕ್ಕೆ 8. ಭುಜ ತಾಗುವುದು ತೊಡೆಗೆ, ಕೆನ್ನೆ ಇರುವುದು ಅವನ ಹಿಂಭಾಗಕ್ಕೆ ಒತ್ತಿ. ತಲೆ ಎಂದೂ ಓಡುವವನ ಮುಂದೆ ಹೋಗಕೂಡದು, ಹೋದರೆ ಮೊಣಕಾಲು ಕಪಾಲಕ್ಕೆ ಬಡಿಯುತ್ತದೆ. ಬಲಗೈ ಹುಡುಗರಿಗೆ ಎಡ ಭುಜ ಸೋಮಾರಿ. ಎಡಗಡೆಯಿಂದ ಬರುವವನನ್ನೂ ಬಲ ಭುಜದಿಂದಲೇ ಹಿಡಿಯಲು ಹೋಗಿ ತಲೆ ಮುಂದಕ್ಕೆ ಹಾಕುತ್ತಾರೆ. ಇನ್ನೊಂದು ತಪ್ಪು, ಗದ್ದ ಎದೆಗೆ ಒತ್ತಿ ಕಣ್ಣು ಮುಚ್ಚುವುದು. ಅವನ ಚಡ್ಡಿಯ ಬಣ್ಣ ಯಾವುದು ಅಂತ ಕೂಗಿ ಹೇಳಿಸಿ, ಕಣ್ಣು ತಾನೇ ತೆರೆಯುತ್ತದೆ.

ಎತ್ತರದ ನಿಯಮಕ್ಕೂ ಕಥೆ ಇದೆ. 2018ರಲ್ಲಿ ಫ್ರಾನ್ಸಿನಲ್ಲಿ ಎಳೆ ವಯಸ್ಸಿನ ಆಟಗಾರರು ಸಾವಿಗೀಡಾದ ಮೇಲೆ ಅಲ್ಲಿ ಕ್ಲಬ್ ಮಟ್ಟದಲ್ಲಿ ಸೊಂಟದ ಮೇಲೆ ಹಿಡಿಯುವಂತಿಲ್ಲ ಅಂದರು. 2023ರಲ್ಲಿ ಇಂಗ್ಲೆಂಡೂ ಮೊದಲು ಸೊಂಟ ಅಂತು. ಆಟಗಾರರು ತಿರುಗಿಬಿದ್ದರು, ಒಕ್ಕೂಟ ಕ್ಷಮೆ ಕೇಳಿ ಎದೆ ಮೂಳೆಯ ಕೆಳತುದಿಗೆ ಗೆರೆ ಹಾಕಿತು. ನಿಮ್ಮ ಶಿಬಿರಕ್ಕೆ ಸೊಂಟವೇ ಇರಲಿ. ಇಲ್ಲಿ ತಿರುಗಿಬೀಳುವವರು ಯಾರೂ ಇಲ್ಲ.

ಗರಡಿಮನಿ:
ತಲಿ ಮುಂದ ಹಾಕೋ ಮಾತು ಒಪ್ಪಿದೆ. ಕುಸ್ತಿಯಾಗೂ ಹಂಗೇ, ಪಟ್ಟು ಹಾಕುವಾಗ ತಲಿ ಒಳಗ ಸಿಕ್ಕರ ಕುತ್ತಿಗಿ ಹೋಗ್ತದ. ಹಂಗಾದ್ರ ಎರಡು ಟ್ರಾಲಿ ಮಣ್ಣು ಯಾಕ ಬೇಕ್ರಿ? ಹತ್ರದ ಗರಡಿಯಾಗ ಅಖಾಡದ ಕೆಂಪು ಮಣ್ಣು ಇರ್ತದ, ಎಣ್ಣಿ, ಮಜ್ಜಿಗಿ, ಅರಿಶಿಣ ಹಾಕಿ ಹದ ಮಾಡಿದ್ದು. ಮೊಣಕಾಲ ಮ್ಯಾಲಿನ ಹಂತ, ನಡಿಗಿ ಹಂತ ಎರಡೂ ಅಲ್ಲೇ ಮುಗಸ್ರಿ. ಒಂದೇ, ಹಿಂದಿನ ದಿನ ಸಲಿಕಿ ಹೊಡಸ್ರಿ. ಸಲಿಕಿ ಬೀಳದ ಅಖಾಡ ಸಿಮೆಂಟ್ ಇದ್ದಂಗ. ಮತ್ತ ಗರಡಿಯವ್ರಿಗಿ ಮೊದಲೇ ಹೇಳ್ರಿ, ಅಲ್ಲಿ ಬೂಟು ಹಾಕ್ಕೊಂಡು ಇಳಿಯಂಗಿಲ್ಲ. ಹುಡುಗೇರು ಬರ್ತಾರ ಅನ್ನೋದೂ ಮೊದಲೇ ಹೇಳ್ರಿ. ಕೆಲವು ಗರಡ್ಯಾಗ ಬಿಡಲ್ಲ.

ಭೀಮಾತೀರ, ಯಾದಗಿರಿ:
ಬಿಡಲ್ಲ ಅಂದ್ರ ಟ್ರಾಲಿ ಮಣ್ಣೇ ಛಲೋ. ಅರ್ಧ ಮಂದಿ ಹುಡುಗೇರು ಅಂತ ಮಾಸ್ತರ್ರೇ ಬರದಾರ, ಇಲ್ಲೀತನ ಹೇಳಿದ ಕಥಿ ಎಲ್ಲಾ ಗಂಡಸರವು.

ಒಡಿಶಾದ ಸುಮಿತ್ರಾ ನಾಯಕ್ ಕಥಿ ಹೇಳ್ರಿ. ಭುವನೇಶ್ವರದ ಕಳಿಂಗ ಸಮಾಜ ವಿಜ್ಞಾನ ಸಂಸ್ಥೆ ಅಂತ ಬುಡಕಟ್ಟು ಮಕ್ಕಳ ವಸತಿ ಶಾಲಿ ಅದ, ಅಲ್ಲಿ ಕಲತಾಕಿ. ಅದೇ ಶಾಲಿ ಹುಡುಗರು 2007ರಾಗ ಲಂಡನ್‌ಕ್ಕ ಹೋಗಿ 14 ವರ್ಷದೊಳಗಿನವರ ಅಂತರರಾಷ್ಟ್ರೀಯ ಪಂದ್ಯಾವಳಿ ಗೆದ್ದು ಬಂದಿದ್ರು. ಜೂನ್ 2019, ಮನಿಲಾ. ಭಾರತದ ಹೆಣ್ಮಕ್ಕಳ 15 ಮಂದಿ ತಂಡ ಅಲ್ಲೀತನ ಒಂದೂ ಅಂತರರಾಷ್ಟ್ರೀಯ ಪಂದ್ಯ ಗೆದ್ದಿದ್ದಿಲ್ಲ. ಸಿಂಗಪುರದ ಮ್ಯಾಲ 21-19 ಗೆದ್ರು, ಗೆಲುವಿನ ಪೆನಾಲ್ಟಿ ಒದ್ದಾಕಿ ಸುಮಿತ್ರಾ. ಬಿಹಾರದ ಬಾಢ್ ಊರಿನ ಸ್ವೀಟಿ ಕುಮಾರಿ ಓಟದ ಸ್ಪರ್ಧಾದಿಂದ ಈ ಆಟಕ್ಕ ಬಂದಾಕಿ. ಆಕೀನ್ನ ಅದೇ 2019ಕ್ಕ ಸ್ಕ್ರಮ್‌ಕ್ವೀನ್ಸ್ ಅನ್ನೋ ಮಹಿಳಾ ರಗ್ಬಿ ತಾಣದವ್ರು ವರ್ಷದ ಅಂತರರಾಷ್ಟ್ರೀಯ ಯುವ ಆಟಗಾರ್ತಿ ಅಂತ ಆರಿಸಿದ್ರು.

ಅವತ್ತಿನ ಕಸರತ್ತು ಒದೆಯೋದು. ಪೆನಾಲ್ಟಿ ಒದೆಯೋವಾಗ ಚೆಂಡು ನೆಲದ ಮ್ಯಾಲ ನೆಟ್ಟಗ ನಿಲ್ಲಬೇಕು. ಚೆಂಡು ನಿಲ್ಲಿಸೋ ಪ್ಲಾಸ್ಟಿಕ್ ಟೀ ಸಿಗಲಿಲ್ಲಂದ್ರ ಹಸಿ ಮಣ್ಣಿನ ಗುಪ್ಪಿ ಮಾಡಿ ನಡುವ ತಗ್ಗು ಒತ್ರಿ, ಹಿಂದಿನ ಕಾಲದಾಗ ಎಲ್ಲರೂ ಹಂಗೇ ಮಾಡ್ತಿದ್ರು. ಎಡಗಾಲು ಚೆಂಡಿನ ಪಕ್ಕಕ್ಕ ಒಂದು ಗೇಣು ದೂರ, ಬೆರಳು ಕಂಬದ ಕಡಿ. ಚೆಂಡಿನ ಕೆಳಗಿನ ಮೂರನೇ ಒಂದು ಭಾಗಕ್ಕ ಪಾದದ ಮ್ಯಾಲಿನ ಗಟ್ಟಿ ಎಲುಬು ತಾಗಬೇಕು. ಬೆರಳ ತುದಿಲಿಂದ ಒದ್ರ ಚೆಂಡು ಗಿರಗಿರ ತಿರುಗಿ ಅಡ್ಡ ಹೋಗ್ತದ. ಅಳತಿ ಕಂಬ ಇಲ್ಲಂದ್ರ ಎರಡು ಉದ್ದನ ಗಳ ನೆಟ್ಟು, ನಡುವ 3 ಮೀಟರ್ ಎತ್ತರಕ್ಕ ಹಗ್ಗ ಕಟ್ರಿ. ಖರೆ ಕಂಬ ಆದ್ರ ನಡುವ 5.6 ಮೀಟರ್ ಇರ್ತದ.

ಸೀಟಿ:
ಇನ್ನೊಂದು ಚಾರ್ಟಿಗೆ ಫೋಟೋ ಬೇಡ, ಹೆಸರೂ ಬೇಡ. 2011ರಲ್ಲಿ ಉತ್ತರ ಐರ್ಲೆಂಡಿನ 14 ವರ್ಷದ ಬಾಲಕನೊಬ್ಬ ಶಾಲಾ ಪಂದ್ಯದಲ್ಲಿ ತಲೆಗೆ ಪೆಟ್ಟು ತಿಂದ. ಎಬ್ಬಿಸಿ ಆಡಿಸಿದರು. ಮತ್ತೆ ಪೆಟ್ಟು ಬಿತ್ತು. ಎರಡು ದಿನಕ್ಕೆ ಹೋದ. ಮೊದಲ ಪೆಟ್ಟಿನಿಂದ ಮಿದುಳು ಚೇತರಿಸಿಕೊಳ್ಳುವ ಮುನ್ನ ಎರಡನೆಯದು ಬಿದ್ದರೆ ಊತ ಕೈಮೀರುತ್ತದೆ, ಎಳೆಯರಲ್ಲಿ ಹೆಚ್ಚು. ಆ ಬಾಲಕನ ತಂದೆ ವರ್ಷಗಟ್ಟಲೆ ಬಡಿದಾಡಿ ಬ್ರಿಟನ್ನಿನ ಶಾಲಾ ಆಟಗಳ ಮಾರ್ಗಸೂಚಿ ಬದಲಾಯಿಸಿದರು. ದೊಡ್ಡವರಲ್ಲೂ ನೋಡಿ: 2003ರ ವಿಶ್ವಕಪ್ ಗೆದ್ದ ಇಂಗ್ಲೆಂಡ್ ತಂಡದ ಆಟಗಾರ ಸ್ಟೀವ್ ಥಾಂಪ್ಸನ್‌ಗೆ 42ನೇ ವಯಸ್ಸಿಗೇ ಮರೆವಿನ ರೋಗ. ಆ ಫೈನಲ್ ಆಡಿದ್ದೇ ನೆನಪಿಲ್ಲ ಎಂದು ಅವರೇ ಹೇಳಿದ್ದಾರೆ.

ಮೈದಾನದಲ್ಲಿ ಮಾಡಬೇಕಾದದ್ದು ಇಷ್ಟು. ಪೆಟ್ಟು ಬಿದ್ದವನನ್ನು ಎಬ್ಬಿಸುವ ಮೊದಲು ಕೇಳಿ: ಈಗ ಯಾವ ಮೈದಾನದಲ್ಲಿದ್ದೀವಿ, ಇದು ಮೊದಲನೇ ಅರ್ಧವೋ ಎರಡನೆಯದೋ, ಕೊನೆಗೆ ಅಂಕ ಹೊಡೆದವರು ಯಾರು, ನಿನ್ನೆ ಯಾರ ಎದುರು ಆಡಿದಿ, ಗೆದ್ದಿರೋ ಸೋತಿರೋ. ಒಂದು ತಪ್ಪಿದರೂ ಅವತ್ತಿಗೆ ಆಟ ಬಂದ್. ಎಲ್ಲಾ ಸರಿ ಹೇಳಿ ಓಕರಿಕೆ, ತಲೆನೋವು, ಬೆಳಕು ಚುಚ್ಚುವುದು, ಸುಮ್ಮನೆ ಅಳುವುದು ಇದ್ದರೂ ಬಂದ್. ಉಳ್ಳಾಗಡ್ಡಿ ಮೂಸಿಸಿ, ಮುಖಕ್ಕೆ ನೀರು ಚಿಮುಕಿಸಿ ವಾಪಸ್ ಕಳಿಸುವ ನಮ್ಮ ಕಡೆಯ ರೂಢಿ ಇದೆಯಲ್ಲ, ಆ ಬಾಲಕನಿಗೆ ಆದದ್ದು ಅಂಥದ್ದೇ. ಬ್ರಿಟನ್ನಿನ 2023ರ ಮಾರ್ಗಸೂಚಿ ಪ್ರಕಾರ ಮೊದಲ 24ರಿಂದ 48 ಗಂಟೆ ವಿಶ್ರಾಂತಿ, ತೊಂದರೆ ಇಲ್ಲದ 14 ದಿನ ಕಳೆದ ಮೇಲೆ ಮೈಗೆ ಮೈ ತಾಗುವ ಅಭ್ಯಾಸ, ಪಂದ್ಯ 21ನೇ ದಿನಕ್ಕಿಂತ ಮೊದಲು ಇಲ್ಲ. 12 ದಿನದ ಶಿಬಿರದಲ್ಲಿ ತಲೆಗೆ ಪೆಟ್ಟಾದವನಿಗೆ ಶಿಬಿರ ಮುಗಿದಂತೆ. ಅಂಕ ಬರೆಯುವ ಕೆಲಸ ಕೊಡಿ, ಮುಖ ಸಣ್ಣದಾಗದ ಹಾಗೆ. ಎರಡೆರಡು ಸಲ ವಾಂತಿ, ಫಿಟ್ಸ್, ಕುತ್ತಿಗೆ ನೋವು, ಮಂಪರು ಹೆಚ್ಚುವುದು ಇವುಗಳಲ್ಲಿ ಒಂದು ಕಂಡರೂ 108ಕ್ಕೆ ಕರೆ ಮಾಡಿ.

ಬಹಮನಿ_15:
ಕೊನೆಯ ಎರಡು ದಿನ ಪಂದ್ಯ ಆಡಿಸುವುದಾದರೆ ಏಳು ಮಂದಿಯ ಆಟ. ಅದರ ಹುಟ್ಟು ಕಟುಕನ ಅಂಗಡಿಯಲ್ಲಿ. ಸ್ಕಾಟ್ಲೆಂಡಿನ ಮೆಲ್ರೋಸ್ ಎಂಬ ಸಣ್ಣ ಊರು, 1883. ಕ್ಲಬ್ಬಿನ ಕೈ ಬರಿದಾಗಿತ್ತು. ನೆಡ್ ಹೇಗ್ ಎಂಬ ಕಟುಕ ಪಂದ್ಯಾವಳಿ ಇಟ್ಟು ಹಣ ಎತ್ತೋಣ ಎಂದ. 15 ಮಂದಿಯ ತಂಡಗಳನ್ನು ಕಟ್ಟಿಕೊಂಡು ಒಂದೇ ಮಧ್ಯಾಹ್ನದಲ್ಲಿ ಹಲವು ಪಂದ್ಯ ಮುಗಿಸಲು ಆಗದು. ಏಳಕ್ಕೆ ಇಳಿಸಿ, ಹೊತ್ತನ್ನೂ ಕತ್ತರಿಸಿದರು. ಅದೇ ಆಟ 2016ರಲ್ಲಿ ರಿಯೊ ಒಲಿಂಪಿಕ್ಸ್ ಸೇರಿತು. ಫಿಜಿ ಬ್ರಿಟನ್ನನ್ನು 43-7ರಿಂದ ಸೋಲಿಸಿ ತನ್ನ ಮೊಟ್ಟಮೊದಲ ಒಲಿಂಪಿಕ್ ಪದಕ ಗೆದ್ದಿತು, ಅದೂ ಚಿನ್ನ. ಆ ಖುಷಿಗೆ 7 ಡಾಲರಿನ ನೋಟು ಅಚ್ಚು ಹಾಕಿಸಿದರು. ಒಂದು ಮುಖದಲ್ಲಿ ನಾಯಕ ಒಸಿಯಾ ಕೊಲಿನಿಸಾವು, ಇನ್ನೊಂದರಲ್ಲಿ ತಂಡದೊಡನೆ ಕೋಚ್ ಬೆನ್ ರಯಾನ್. 7 ರೂಪಾಯಿ ನೋಟು ಅಂದರೆ ನಿಮ್ಮ ಹುಡುಗರು ನಗುತ್ತಾರೆ, ನಗಲಿ.

ನಿಮ್ಮ ಲೆಕ್ಕ: 24 ಅಂದರೆ ಎಂಟೆಂಟರ ಮೂರು ತಂಡ, ಏಳು ಒಳಗೆ, ಒಬ್ಬರು ಹೊರಗೆ. ಒಂದು ತಂಡ ಸದಾ ಖಾಲಿ, ಅವರೇ ಗೆರೆ ಕಾಯುವವರು. ದೊಡ್ಡವರಿಗೆ 7 ನಿಮಿಷದ ಎರಡು ಅರ್ಧ, ನಡುವೆ 2 ನಿಮಿಷ. ನಿಮ್ಮವರಿಗೆ 5 ನಿಮಿಷದ ಎರಡು ಅರ್ಧ ಸಾಕು. ಪೂರ್ಣ ಮೈದಾನ 100 ಮೀಟರ್ ಉದ್ದ, 70 ಅಗಲ; ಮಕ್ಕಳಿಗೆ 60ಕ್ಕೆ 35. ಟ್ರೈಗೆ 5 ಅಂಕ, ಆಮೇಲಿನ ಒದೆತಕ್ಕೆ 2. ಏಳರ ಆಟದಲ್ಲಿ ಆ ಒದೆತ ಚೆಂಡನ್ನು ಕೈಯಿಂದ ಬಿಟ್ಟು, ನೆಲಕ್ಕೆ ಬಡಿದು ಏಳುವಾಗಲೇ ಒದೆಯಬೇಕು. ಇನ್ನೊಂದು ತಲೆಕೆಳಗು ನಿಯಮ: ಅಂಕ ಹೊಡೆದ ತಂಡವೇ ಮತ್ತೆ ಚೆಂಡು ಒದ್ದು ಆಟ ಶುರು ಮಾಡುತ್ತದೆ. ಹೀಗಾಗಿ ಸೋಲುವವರಿಗೆ ಚೆಂಡು ಸಿಗುವ ಅವಕಾಶ ಹೆಚ್ಚು, ಮಕ್ಕಳ ಮನಸ್ಸು ಬಾಡುವುದಿಲ್ಲ. 2025ರ ಜೂನ್‌ನಲ್ಲಿ ಮುಂಬೈಯಲ್ಲಿ ನಡೆದ ರಗ್ಬಿ ಪ್ರೀಮಿಯರ್ ಲೀಗ್‌ನಲ್ಲಿ ಬೆಂಗಳೂರು, ಹೈದರಾಬಾದ್ ತಂಡಗಳೂ ಇದ್ದವು. ಅದೂ ಏಳರ ಆಟವೇ, 4 ನಿಮಿಷದ ನಾಲ್ಕು ಭಾಗ.

ಬಿದರಿ_ಬೆಳ್ಳಿ:
ಮಂಡೇಲಾ ಚಾರ್ಟ್ ಇರಲಿ, ಆದರೆ ಅಂಗಿಯ ನಂಬರಿನಿಂದ ಹೇಳಿ. 1995ರ ವಿಶ್ವಕಪ್ ಫೈನಲ್‌ಗೆ ಮಂಡೇಲಾ ತೊಟ್ಟದ್ದು ದಕ್ಷಿಣ ಆಫ್ರಿಕ ತಂಡದ ನಾಯಕ ಫ್ರಾಂಸ್ವಾ ಪಿನಾರನ 6ನೇ ನಂಬರಿನ ಅಂಗಿ. ಹೆಚ್ಚಿನ ದೇಶಗಳಲ್ಲಿ ಅವನು ಆಡುತ್ತಿದ್ದ ಜಾಗಕ್ಕೆ, ಅಂದರೆ ಓಪನ್‌ಸೈಡ್ ಫ್ಲಾಂಕರ್‌ಗೆ, 7; ದಕ್ಷಿಣ ಆಫ್ರಿಕದಲ್ಲಿ 6. ಆ ತಂಡದಲ್ಲಿ ಬಿಳಿಯನಲ್ಲದವನು ಚೆಸ್ಟರ್ ವಿಲಿಯಮ್ಸ್ ಒಬ್ಬನೇ. ನ್ಯೂಜಿಲೆಂಡ್ ಮೇಲೆ 15-12. ಅಂಥದ್ದೇ 6ನೇ ಅಂಗಿ ತೊಟ್ಟು 2019ರಲ್ಲಿ ಕಪ್ ಎತ್ತಿದವನು ಸಿಯಾ ಕೊಲಿಸಿ, ಜ್ವಿಡೆ ಎಂಬ ಬಡ ಕೇರಿಯ ಹುಡುಗ, ಆ ದೇಶದ ಮೊದಲ ಕರಿಯ ಟೆಸ್ಟ್ ನಾಯಕ. 2023ರಲ್ಲಿ ಮತ್ತೆ ಅವನೇ, 12-11. ಮಂಡೇಲಾ ಒಂದು ದಿನ ಅಂಗಿ ತೊಟ್ಟದ್ದಕ್ಕೂ ಕೊಲಿಸಿ ತೊಟ್ಟದ್ದಕ್ಕೂ ನಡುವೆ 24 ವರ್ಷ ಇದೆ ಅನ್ನುವುದನ್ನು ಬಿಟ್ಟು ಹೇಳಿದರೆ ಕಥೆ ಬರೇ ಸಿಹಿಯಾಗುತ್ತದೆ.

ಆದರೂ ಒಂದೇ ಚಾರ್ಟಿಗೆ ಜಾಗ ಅಂದರೆ ಜಪಾನಿನ ಕಮಾಯಿಶಿ. ಉಕ್ಕಿನ ಕಾರ್ಖಾನೆಯ ಊರು, ಅದರ ತಂಡ 1979ರಿಂದ 1985ರ ತನಕ ಸತತ 7 ವರ್ಷ ದೇಶದ ಚಾಂಪಿಯನ್. 2011ರ ಮಾರ್ಚ್ 11ರ ಸುನಾಮಿಗೆ ಊರು ಕೊಚ್ಚಿಹೋಯಿತು. ಅಲ್ಲಿ ಅಕ್ಕಪಕ್ಕ ಇದ್ದ ಎರಡು ಶಾಲೆಯ ದೊಡ್ಡ ಮಕ್ಕಳು ಸಣ್ಣವರ ಕೈ ಹಿಡಿದು ಗುಡ್ಡ ಹತ್ತಿ ಪಾರಾದರು. ಆ ಶಾಲೆಗಳು ನಿಂತಿದ್ದ ನೆಲದ ಮೇಲೆಯೇ ಕ್ರೀಡಾಂಗಣ ಕಟ್ಟಿ 2019ರ ವಿಶ್ವಕಪ್ ಪಂದ್ಯ ಆಡಿಸಿದರು; ಉರುಗ್ವೆ ಫಿಜಿಯನ್ನು 30-27ರಿಂದ ಮಣಿಸಿತು. ಎರಡನೇ ಪಂದ್ಯ ಚಂಡಮಾರುತದಿಂದ ರದ್ದಾದಾಗ ಕೆನಡಾದ ಆಟಗಾರರು ಸಲಿಕೆ ಹಿಡಿದು ಬೀದಿಯ ಕೆಸರು ಬಳಿದರು.

ಭೀಮಾತೀರ:
ಗಾಲಿಕುರ್ಚಿ ರಗ್ಬಿ ಬಿಟ್ರಿ. 1977ರ ಸುಮಾರು ಕೆನಡಾದ ವಿನ್ನಿಪೆಗ್‌ನ್ಯಾಗ ಹುಟ್ಟಿದ್ದು. ಕೈಯಾಗೂ ಶಕ್ತಿ ಕಡಿಮಿ ಇದ್ದವರಿಗಿ ಗಾಲಿಕುರ್ಚಿ ಬಾಸ್ಕೆಟ್‌ಬಾಲ್ ಆಗ್ತಿದ್ದಿಲ್ಲ, ಅವರೇ ಕೂಡಿ ಮಾಡಿಕೊಂಡ ಆಟ. ಶುರುವಿನ ಹೆಸರು ಮರ್ಡರ್‌ಬಾಲ್. ಬಾಸ್ಕೆಟ್‌ಬಾಲ್ ಅಂಗಳ, ವಾಲಿಬಾಲಿನಂಥ ದುಂಡು ಚೆಂಡು, ಒಂದು ಕಡಿ 4 ಮಂದಿ, ಗಂಡು-ಹೆಣ್ಣು ಕೂಡೇ ಆಡ್ತಾರ. ಒಬ್ಬೊಬ್ಬರಿಗಿ ದೇಹಶಕ್ತಿ ನೋಡಿ 0.5ರಿಂದ 3.5 ಅಂಕ, ನಾಲ್ವರದು ಕೂಡಿ 8 ದಾಟಂಗಿಲ್ಲ, ಹೆಣ್ಮಗಳು ಇದ್ರ ಅರ್ಧ ಅಂಕ ಹೆಚ್ಚಿಗಿ ಬಿಡ್ತಾರ. ಚೆಂಡು ಮಡಿಲಾಗ ಇಟ್ಕೊಂಡು 10 ಸೆಕೆಂಡಿನೊಳಗ ಒಮ್ಮಿ ಪುಟಿಸಬೇಕು ಇಲ್ಲಾ ಪಾಸ್ ಕೊಡಬೇಕು. ಫರಸಿ ಹಾಸಿದ ಅಂಗಳದಾಗ ಮಾತ್ರ ತೋರಸ್ಲಕ್ಕ ಹೋಗಬ್ಯಾಡ್ರಿ, ಸಂದಿನ್ಯಾಗ ಮುಂದಿನ ಸಣ್ಣ ಗಾಲಿ ಸಿಕ್ಕು ಕುರ್ಚಿ ಮಗುಚ್ತದ.

ಫರಸಿಕಲ್ಲು:
ನಮ್ಮ ಕಲ್ಲಿಗಿ ಹೆಸರು ಇಡಬ್ಯಾಡ್ರಿ ಅಕ್ಕಾರ. ಸಂದು ಬಿಡೋದು ಹಾಸೋ ಗವಂಡಿ.

ಸೀಟಿ:
ಸ್ಕ್ರಮ್, ಅಂದರೆ ಎರಡೂ ಕಡೆಯವರು ಬಗ್ಗಿ ಭುಜಕ್ಕೆ ಭುಜ ಕೂಡಿಸಿ ನಡುವಿನ ಚೆಂಡಿಗೆ ಹೆಣಗುವುದು, ಅದರ ಬಗ್ಗೆ ಒಂದೇ ಮಾತು. ಈ ವಯಸ್ಸಿಗೆ ಮೂವರ ಸ್ಕ್ರಮ್, ತಳ್ಳಾಟ ಇಲ್ಲ. ಕ್ರೌಚ್ ಅಂದರೆ ಬಗ್ಗು, ಬೈಂಡ್ ಅಂದರೆ ಹಿಡಿ, ಸೆಟ್ ಅಂದರೆ ಕೂಡು. ಕೂಡಿದ ಮೇಲೆ ನಿಂತಲ್ಲೇ ಚೆಂಡು ಕಾಲಿನಿಂದ ಹಿಂದಕ್ಕೆ. ಬೆನ್ನು ನೆಲಕ್ಕೆ ಸಮ, ಸೊಂಟ ಭುಜಕ್ಕಿಂತ ಎತ್ತರ ಹೋಗಬಾರದು.

ಕಾರಣ ಮ್ಯಾಟ್ ಹ್ಯಾಂಪ್ಸನ್. 2005ರ ಮಾರ್ಚ್, ಇಂಗ್ಲೆಂಡಿನ 21 ವರ್ಷದೊಳಗಿನವರ ಅಭ್ಯಾಸ. ಸ್ಕ್ರಮ್ ಕುಸಿದು 20 ವರ್ಷದ ಹುಡುಗನ ಕುತ್ತಿಗೆ ಮುರಿಯಿತು, ಉಸಿರು ನಿಂತಿತು. ಅವತ್ತು ಸೀಟಿ ಹಿಡಿದಿದ್ದ ಟೋನಿ ಸ್ಪ್ರೆಡ್‌ಬರಿ ಕಸುಬಿನಿಂದ ಆಂಬುಲೆನ್ಸ್ ಅರೆವೈದ್ಯ. ಅದಕ್ಕೇ ಜೀವ ಉಳಿಯಿತು. ಹ್ಯಾಂಪ್ಸನ್ ಅಂದಿನಿಂದ ಉಸಿರಾಟದ ಯಂತ್ರದ ಮೇಲಿದ್ದಾರೆ, ಆಟದಲ್ಲಿ ಗಾಯಗೊಂಡ ಎಳೆಯರಿಗಾಗಿ ಪ್ರತಿಷ್ಠಾನ ನಡೆಸುತ್ತಾರೆ. ನಿಮ್ಮ ಹುಡುಗರಿಗೆ ಅವತ್ತು ಕಲಿಸಬೇಕಾದದ್ದು ಇದು: ಬಿದ್ದವನು ಕುತ್ತಿಗೆ ಅಂದರೆ ಯಾರೂ ಎತ್ತಬಾರದು, ಕೂರಿಸಬಾರದು, ನೀರು ಕುಡಿಸಬಾರದು. ಒಬ್ಬರು ತಲೆಯ ಹಿಂದೆ ಮೊಣಕಾಲೂರಿ ಎರಡೂ ಕಿವಿಯ ಪಕ್ಕ ಅಂಗೈ ಇಟ್ಟು ಅಲುಗದ ಹಾಗೆ ಹಿಡಿಯಬೇಕು, ಆಂಬುಲೆನ್ಸ್ ಬರುವ ತನಕ. ಉಸಿರು ನಿಂತರೆ ಮಾತ್ರ ಬೇರೆ ಮಾತು, ಆಗ ಉಸಿರೇ ಮೊದಲು. ನಾಲ್ಕು ಕೈಯಲ್ಲಿ ಎತ್ತಿ ಆಟೋಕ್ಕೆ ಹಾಕುವ ಮಂದಿಯನ್ನು ತಡೆಯಲು ಇಬ್ಬರನ್ನು ಮೊದಲೇ ನೇಮಿಸಿ.

ಎರೆಹೊಲ:
ಸಾಕಷ್ಟು ಆಯ್ತ್ರಿ. 1845, ತೊಲೆ, 1895, ಸುಮಿತ್ರಾ, ಹೆಸರಿಲ್ಲದ ಬಾಲಕ, ಕಟುಕ, 6ನೇ ಅಂಗಿ, ಕಮಾಯಿಶಿ, ಗಾಲಿಕುರ್ಚಿ, ಸ್ಪ್ರೆಡ್‌ಬರಿ. ಹತ್ತಾದವು, ಎರಡು ದಿನ ಪಂದ್ಯ. ಕೊನೇದು, ಚೆಂಡಿಂದು. ನಾಲ್ಕೂ 5ನೇ ಸೈಜು. ಮಧ್ಯಾಹ್ನ ಕಲ್ಲಿನಂಗ ಆಗ್ತಾವ, ಮುಂಜಾನಿ ಸಡಿಲ. ವಾಲ್ವ್ ಹಾಳಾಗ್ಯದನ?

ಬಹಮನಿ_15:
ವಾಲ್ವ್ ಅಲ್ಲ, ಬಿಸಿಲು. ಚೆಂಡಿಗೆ 9.5ರಿಂದ 10 ಪಿಎಸ್ಐ ಗಾಳಿ ಇರಬೇಕು. 25 ಡಿಗ್ರಿಯಲ್ಲಿ 10 ತುಂಬಿ 45 ಡಿಗ್ರಿಯ ತಗಡಿನ ಶೆಡ್ಡಿನಲ್ಲಿ ಇಟ್ಟರೆ ಹನ್ನೊಂದೂವರೆ ದಾಟುತ್ತದೆ, ಹೊಲಿಗೆ ಬಿಡುತ್ತದೆ. ಆಟ ಮುಗಿದ ಮೇಲೆ ಅರ್ಧ ಗಾಳಿ ಬಿಟ್ಟು ಗೋಣಿಚೀಲದಲ್ಲಿ ನೆರಳಿಗಿಡಿ, ಮುಂಜಾನೆ ಮತ್ತೆ ತುಂಬಿ. 5 ದೊಡ್ಡವರ ಸೈಜು. 11-13ಕ್ಕೆ 4 ಬೇಕು, ಇಲ್ಲವಾದರೆ ಒಂದು ಕೈಯಲ್ಲಿ ಹಿಡಿಯಲಾಗದೆ ಎದೆಗೆ ಅಪ್ಪಿಕೊಂಡು ಓಡುತ್ತಾರೆ, ಪಾಸೇ ಕಲಿಯುವುದಿಲ್ಲ. ಜಲಂಧರದಲ್ಲಿ ಮಾಡುವ ಚೆಂಡುಗಳೇ ಸಾಕು, ಮೇಲ್ಮೈ ಗುಳ್ಳೆಗುಳ್ಳೆ ಇರುವುದನ್ನು ಕೇಳಿ. ನುಣುಪಾದದ್ದು ಬೆವರಿದ ಕೈಯಿಂದ ಜಾರುತ್ತದೆ.

ಹನ್ನೊಂದನೇ ಚಾರ್ಟ್ ಬೇಕಾದರೆ ಪಂಪಿನ ಪಕ್ಕದಲ್ಲಿ ಹಚ್ಚಿ. ರಗ್ಬಿ ಊರಲ್ಲಿ ರಿಚರ್ಡ್ ಲಿಂಡನ್ ಅಂತ ಒಬ್ಬ ಮೋಚಿ ಇದ್ದ. ಆಗ ಚೆಂಡಿನೊಳಗೆ ಹಂದಿಯ ಹಸಿ ಮೂತ್ರಕೋಶ, ಅದನ್ನು ಬಾಯಿಯಿಂದ ಊದುವ ಕೆಲಸ ಹೆಂಡತಿಯದು. ಊದಿ ಊದಿ ಸೋಂಕು ತಗುಲಿ ಶ್ವಾಸಕೋಶ ಕೆಟ್ಟು ಸತ್ತಳು ಅಂತ ಹೇಳುತ್ತಾರೆ. 1860ರ ದಶಕದಲ್ಲಿ ಲಿಂಡನ್ ರಬ್ಬರಿನ ಬ್ಲಾಡರ್ ಮಾಡಿದ, ಅದು ಬಾಯಿಗೆ ಬಗ್ಗದಷ್ಟು ಬಿಗಿ ಅಂತ ಹಿತ್ತಾಳೆಯ ಪಂಪೂ ಮಾಡಿದ. ನಿಮ್ಮ ಪಂಪಿನ ಸೂಜಿಗೆ ಎರಡು ಹನಿ ಗ್ಲಿಸರಿನ್ ಹಚ್ಚಿ ನೆಟ್ಟಗೆ ಇಳಿಸಿ. ಒಣ ಸೂಜಿ ಓರೆ ಹೋದರೆ ವಾಲ್ವ್ ಹರಿಯುತ್ತದೆ, ಆಗ ನಿಜಕ್ಕೂ ಹಾಳು.

ಎರೆಹೊಲ:
ಗ್ಲಿಸರಿನ್ ಇಲ್ಲ, ಕೊಬ್ಬರಿ ಎಣ್ಣಿ ನಡೀತದನ್ರಿ?

ಬಹಮನಿ_15:
ಬೇಡ, ಎಣ್ಣೆಗೆ ರಬ್ಬರ್ ಮೆತ್ತಗಾಗುತ್ತದೆ. ಉಗುಳು ಹಚ್ಚಿ ಸಾಕು.